ಬಿಟ್ಟುಕೊಟ್ಟ ಆಟ

ಫ್ಯಾನಿನ ಗಾಳಿಗೆ ಕೇರಂ ಬೋರ್ಡಿನ ಪೌಡರ್ ನನ್ನ ಕಡೆಗೇ ಹಾರುತ್ತಿದೆ, ಮೂಗಿಗೆ ಬರುತ್ತಿದೆ, ಒರೆಸಿಕೊಳ್ಳುವುದಿಲ್ಲ, ಎಡಗೈ ಎತ್ತಿದರೆ ಅಂಗೈ ತರಚಿರುವುದು ಎದುರು ಕೂತ ಇಂದ್ರೇಶನಿಗೆ ಕಾಣುತ್ತದೆ, ಕಂಡರೆ ಮತ್ತೆ ಪಾಪ ಅನ್ನುತ್ತಾನೆ — ಮೆಟ್ಟಿಲಿನ ಸಿಮೆಂಟು ತರಚಿದ್ದು, ಊರುಗೋಲನ್ನು ಕೆಳಗೇ ಬಿಟ್ಟು, ಕೂತುಕೊಂಡೇ, ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಹತ್ತಿ ಬಂದೆ, ಸೀರೆಯೆಲ್ಲ ಧೂಳು, ಮಹಡಿಯ ಬಾಗಿಲಲ್ಲಿ ನಿಂತವರು ನೋಡಿದರು, ನೋಡಲಿ. ಅರಸೀಕೆರೆಯ ಈ ಕ್ಲಬ್ಬಿನಲ್ಲಿ ಬೋರ್ಡು ಕೆಳಗಿನ ಕೋಣೆಯಲ್ಲೇ ಇತ್ತು, ಸಂಜೆ ಅಂಗಡಿ ಮುಚ್ಚಿದರೆ ನನ್ನ ಮೂರು ಗಾಲಿಯ ಸ್ಕೂಟರ್ ಬಾಗಿಲಿಗೇ ಬರುತ್ತಿತ್ತು, ಬಾಣಾವರದಿಂದ ರೇವಣಸಿದ್ದಪ್ಪ ತನ್ನದರಲ್ಲಿ ಬರುತ್ತಿದ್ದ, ಲಾರಿ ಹರಿದು ಎರಡು ಕಾಲೂ ಹೋದವನು, ಆಟಕ್ಕೆ ಕೂತರೆ ಊರಿಗೆಲ್ಲ ಕೇಳುವಂತೆ ನಗುತ್ತಿದ್ದ, ಅವನ ಇಲ್ಲದ ಕಾಲು, ನನ್ನ ಪೋಲಿಯೋ ಕಾಲು, ಬೋರ್ಡಿನ ಮುಂದೆ ಕಾಲಿಗೇನು ಕೆಲಸ. ಒಂದು ದಿನ ಕಾರ್ಯದರ್ಶಿ ಇಂದ್ರೇಶನನ್ನು ಎಲ್ಲರೆದುರು ಸೋಲಿಸಿದೆ, ಮರುವಾರವೇ ಬೋರ್ಡು ಮಹಡಿಗೆ ಹೋಯಿತು, ಕೆಳಗೆ ಜಾಗ ಇಲ್ಲ ಕಣ್ರೀ ಪುಷ್ಪಕ್ಕ, ನಿಮಗ್ಯಾಕೆ ತಾಪತ್ರಯ, ಮನೇಲಿ ಟೀವಿ ಐತಲ್ಲ, ಆರಾಮಾಗಿ ನೋಡ್ಕೊಂಡಿರಿ ಅಂದ, ಆ ಕೋಣೆಯಲ್ಲೀಗ ಅವನ ಬೈಕು ನಿಂತಿದೆ. ರೇವಣಸಿದ್ದಪ್ಪ ಬರುವುದು ಬಿಟ್ಟ, ಫೋನು ಮಾಡಿದರೆ ಬರೀ ಹ್ಞೂಂ ಅನ್ನುತ್ತಾನೆ, ನಗುವುದನ್ನು ಎಲ್ಲಿಟ್ಟನೋ. ನಾನು ಮನೆಯಲ್ಲೇ ಬೋರ್ಡು ಹಾಕಿಕೊಂಡು ಒಬ್ಬಳೇ ಹೊಡೆದೆ, ಹೊಡೆದ ಕಾಯಿಯೆಲ್ಲ ಇಂದ್ರೇಶನೇ. ಇವತ್ತಿನ ಪಂದ್ಯಕ್ಕೆ ಹೆಸರು ಕೊಟ್ಟಾಗ ಸೇರಿಸಿಕೊಂಡರು, ಹತ್ತಲಾರಳು ಎಂದುಕೊಂಡಿರಬೇಕು, ಹತ್ತಿದೆ, ಕೊನೆಯ ಆಟದಲ್ಲಿ ಎದುರಿಗೆ ಅವನೇ ಕೂತಿದ್ದ, ಕೆಂಪು ಕಾಯಿ ಬಿತ್ತು, ಹಿಂದೆಯೇ ಬಿಳಿಯದೂ ಬಿತ್ತು, ಗೆದ್ದೆ, ಚಪ್ಪಾಳೆ — ಅವನು ನಗುತ್ತ ಎದ್ದ, ಪಾಪ, ಅಷ್ಟು ಕಷ್ಟಪಟ್ಟು ಹತ್ತಿ ಬಂದವ್ರೆ, ನಾನೇ ಬಿಟ್ಕೊಟ್ಟೆ ಕಣ್ರೋ ಅಂದ, ಎಲ್ಲರ ಮುಖವೂ ಕರಗಿ ನನ್ನತ್ತ ತಿರುಗಿತು, ಗೆದ್ದ ಬಹುಮಾನ ಕೈಗೆ ಬರುವ ಮೊದಲೇ ಭಿಕ್ಷೆಯಾಯಿತು. ಹಂಗಾದ್ರೆ ಕೂತ್ಕೊಳ್ಳಿ ಇಂದ್ರೇಶ್, ಈಗ ಬಿಟ್ಕೊಡದೆ ಆಡಿ ಅಂದೆ. ಎಲ್ಲರೂ ನೋಡುತ್ತಿದ್ದರು, ಹೋಗುವ ಹಾಗಿರಲಿಲ್ಲ, ಕೂತ, ಸೋತ. ಇನ್ನೊಂದು ಅಂದೆ, ಸೋತ, ಆಗಲೇ ಅವನ ತೋರುಬೆರಳು ಅದುರತೊಡಗಿತ್ತು, ನಾನು ನೋಡಿದೆ, ಇನ್ನೊಂದು ಅಂದೆ. ಈಗ ಯಾರೂ ಪಾಪ ಅನ್ನುತ್ತಿಲ್ಲ, ಅಂದರೂ ಅದು ನನಗಲ್ಲ. ಬೋರ್ಡಿನ ಮೇಲೆ ಬಾಗಿ, ನನಗೆ ಮಾತ್ರ ಕೇಳುವಂತೆ, ಸಾಕು ಬಿಡಿ ಪುಷ್ಪಕ್ಕ, ನಾಳೇನೇ ಬೋರ್ಡು ಕೆಳಗೆ ಹಾಕಿಸ್ತೀನಿ, ನನ್ನ ಮಾನ ಉಳಿಸಿ ಅನ್ನುತ್ತಾನೆ — ಕೆಳಗೆ, ರೇವಣಸಿದ್ದಪ್ಪ ಬಂದಾನು, ಮತ್ತೆ ನಕ್ಕಾನು, ಅದಕ್ಕೇ ಅಲ್ಲವೇ ನಾನು ಹತ್ತಿ ಬಂದದ್ದು, ಅಲ್ಲ, ಅದಕ್ಕಲ್ಲ, ಇವತ್ತು ಅದಕ್ಕಲ್ಲ. ಬಿಟ್ಕೊಟ್ಟಿರಲಿಲ್ಲ ಅಂತ ಗಟ್ಟಿಯಾಗಿ ಹೇಳಿ ಅಂದೆ. ಸುತ್ತ ನಿಂತವರನ್ನು ನೋಡಿ, ಆಗಲ್ಲ ಅಂತ ತಲೆಯಾಡಿಸಿದ. ಹಂಗಾದ್ರೆ ಕಾಯಿ ಜೋಡಿಸಿ. ಜೋಡಿಸಿದ, ಸ್ಟ್ರೈಕರನ್ನು ಗೆರೆಯ ಮೇಲಿಟ್ಟ, ಬೆರಳು ಮಡಚಿದ, ಬೆರಳು ಅದುರುತ್ತಿದೆ, ಹೊಡಿ, ಹೊಡೆಯುತ್ತಿಲ್ಲ, ನಾನು ಕಾಯುತ್ತೇನೆ, ನನಗೇನು ಅವಸರ, ಅದುರುತ್ತಿದೆ, ಎಲ್ಲರಿಗೂ ಕಾಣುತ್ತಿದೆ, ಆ ಬೆರಳು, ಆ ಬೆರಳು —