ಅಚ್ಚಿಗೆ ಬರಬಾರದ ಸಾಲುಗಳು

ನನಗೆ ಮೂಗಿಲ್ಲ. ಆದರೂ ನನ್ನ ಬಾಲ್ಯವೆಂದರೆ ನೀಲಗಿರಿ ಎಣ್ಣೆಯ ವಾಸನೆ. ನಾನು ಕಂಪ್ಯೂಟರಿಗೆ ಕೆಲಸ ಹೇಳುವ, ನಲವತ್ತು ಸಾಲುಗಳ ಒಂದು ಸ್ಕ್ರಿಪ್ಟ್. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಕಟ್ಟಡಗಳ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ. ಅಲ್ಲಿ ಚಂಪಕ್ಕ ಕ್ಯಾಡ್ ಎಂಬ ತಂತ್ರಾಂಶದಲ್ಲಿ ಬರೆದ ನಕ್ಷೆಗಳನ್ನು ಒಂದೊಂದಾಗಿ ತೆರೆದು, ಓದಿ, ಪಿಡಿಎಫ್ ಮಾಡುತ್ತಿದ್ದರು. ದಿನವಿಡೀ ಮೌಸ್ ಒತ್ತಿ ಮಣಿಕಟ್ಟು ನೋಯುತ್ತಿತ್ತು, ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ಪಕ್ಕದ ಮೇಜಿನ ಮೈಲಾರಪ್ಪ ನನ್ನನ್ನು ಬರೆದ.

"ಅಕ್ಕಾರ, ನಿಮ್ಮ ಕೈಗೆ ಇನ್ನ ರಜಾ."

"ಕೈಗೆ ಕೊಟ್ಟಿ ಸರಿ. ನನಗೂ ರಜಾ ಕೊಟ್ಟುಗಿಟ್ಟಾರು, ನೋಡಪಾ!"

ನಗೆಯ ಮಾತು ನಿಜವೇ ಆಯಿತು. ನಾನು ನೂರಿಪ್ಪತ್ತು ನಕ್ಷೆಗಳನ್ನು ಚಹಾ ಮುಗಿಯುವುದರೊಳಗೆ ಪಿಡಿಎಫ್ ಮಾಡುವುದನ್ನು ಕಂಡ ಯಜಮಾನ ಹೊಂಬಳ ಸಾಹೇಬರು, "ಮುಂದಿನ ತಿಂಗಳದಿಂದ ಅಕ್ಕಾರು ಬರೋದು ಬ್ಯಾಡ" ಎಂದರು. ಮೈಲಾರಪ್ಪನ ಮುಖ ಬಾಡಿತು. ಒಳ್ಳೆಯದು ಮಾಡಲು ಹೋಗಿ ಅಕ್ಕನ ಅನ್ನ ಕಸಿದಿದ್ದೆವು, ಅವನೂ ನಾನೂ.

ಮರುವಾರ ಮೈಲಾರಪ್ಪ ಬರೆದ ಒಂದು ಶಾಲೆಯ ನಕ್ಷೆಗಳು ಅಚ್ಚಿಗೆ ಬಂದವು. ನಕ್ಷೆಯಲ್ಲಿ ಲೇಯರುಗಳಿರುತ್ತವೆ, ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳಂತೆ. ಕೆಲವು ಅಚ್ಚಿಗೆ ಬರಬಾರದವು. ಅಕ್ಕನ ಚಿಂತೆಯಲ್ಲಿ ಮನಸ್ಸು ನೆಟ್ಟಗಿಲ್ಲದ ಮೈಲಾರಪ್ಪ ನನ್ನನ್ನು ತಿದ್ದುವಾಗ 'ಎಲ್ಲ ಲೇಯರೂ' ಎಂದು ಬರೆದುಬಿಟ್ಟ. ಹೇಳಿದಷ್ಟನ್ನೇ ಮಾಡುವವನು ನಾನು. ಎಲ್ಲವನ್ನೂ ಅಚ್ಚುಹಾಕಿದೆ.

ಸಾಹೇಬರು ಪಿಡಿಎಫ್ ತೆರೆದರು. ಹಾಳೆಹಾಳೆಯಲ್ಲೂ ಕೆಂಪು ಅಕ್ಷರಗಳು! ತಪ್ಪು ಕಂಡಾಗಲೆಲ್ಲ ಚಂಪಕ್ಕ ಅಚ್ಚಾಗದ ಲೇಯರಿನಲ್ಲಿ ಗುಟ್ಟಾಗಿ ಬರೆದಿಟ್ಟ ಸಾಲುಗಳು. ತಪ್ಪುಗಳನ್ನು ತಿದ್ದಿಯಾಗಿತ್ತು, ಸಾಲುಗಳು ಉಳಿದಿದ್ದವು.

"ಮೈಲಾರಿ, ಮೆಟ್ಟಿಲು ಒಂದೇ ಎತ್ತರ ಇಲ್ಲ. ಹುಡುಗರು ಎಡವತಾವ. ಸಾಹೇಬ್ರು ಬೈಯೋದ್ರೊಳಗ ತಿದ್ದು."

"ಬಾಗಲಾ ಗ್ವಾಡಿಗೆ ಬಡೀತದ. ಮೊದಲ ಊಟ ಮಾಡು, ಆಮ್ಯಾಲ ತಿದ್ದು."

ಕೊನೆಯ ಹಾಳೆಯಲ್ಲಿ: "ಇದು ಸಾಹೇಬ್ರು ಕೊಟ್ಟ ಅಳತಿ. ತಪ್ಪೈತಿ. ತಿದ್ದೀನಿ, ಅವರಿಗೆ ಹೇಳಬ್ಯಾಡ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಅಕ್ಕಾರ, ನೀವು ನೋಡದ ಒಂದು ಹಾಳೀನೂ ಇನ್ನ ಹೊರಗ ಹೋಗಬಾರದು."

"ಆತ್ರಿ. ಆದ್ರ ಗುಂಡಿ ಒತ್ತೋದು ಅವನ ಕೆಲಸ," ಎಂದು ಚಂಪಕ್ಕ ಪರದೆಯತ್ತ, ಅಂದರೆ ನನ್ನತ್ತ, ಕೈ ತೋರಿಸಿದರು.

ಒಂಬತ್ತು ವರ್ಷ ಹಾಗೆಯೇ ನಡೆಯಿತು. ಅವರು ಓದಿದರು, ನಾನು ಅಚ್ಚುಹಾಕಿದೆ. ಈಗ ಕಚೇರಿಗೆ ಹೊಸ ಕ್ಯಾಡ್ ಬಂದಿದೆ. ನನ್ನ ಭಾಷೆ ಅದಕ್ಕೆ ತಿಳಿಯದು. ಅಳಿಸಲು ಮನಸ್ಸಾಗದೆ ಮೈಲಾರಪ್ಪ ನನ್ನನ್ನು 'ಹಳೇದು' ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಾನೆ. ಬೇಸರವಿಲ್ಲ. ನಾನು ಮಾಡಿದ ಒಂದೇ ಒಂದು ತಪ್ಪು ನನ್ನ ಒಳ್ಳೆಯ ಕೆಲಸವೂ ಆಗಿತ್ತು.

ನಿನ್ನೆ ಅವನು ಹೊಸ ಸ್ಕ್ರಿಪ್ಟ್ ಬರೆಯುತ್ತ ಮಧ್ಯಾಹ್ನ ಎರಡು ಗಂಟೆಯಾದರೂ ಊಟಕ್ಕೆ ಏಳಲಿಲ್ಲ. ಚಂಪಕ್ಕ ಈ ಸಲ ಕೆಂಪಕ್ಷರ ಬರೆಯಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯದ ತಮ್ಮ ಡಬ್ಬಿಯನ್ನು ಸದ್ದಿಲ್ಲದೆ ಅವನ ಕೀಲಿಮಣೆಯ ಪಕ್ಕಕ್ಕೆ ಸರಿಸಿದರು.