ಐದು ಮಕ್ಕಳ ರಜಾಯಿ

ಹತ್ತಿ ಹಿಂಜುವ ತಾತ ಹೊಲಿದ ರಜಾಯಿಯನ್ನು ಒಮ್ಮೆ ಐಸ್ ಕಾರ್ಖಾನೆಯ ಗಡ್ಡೆಯೊಂದಕ್ಕೆ ಹೊದಿಸಿದರು. ಕಾಲು ಗಂಟೆಯಲ್ಲಿ ಗಡ್ಡೆ ಕರಗಿತು, ನೀರು ಕುದಿಯಿತು, ಅದೇ ನೀರಿನಲ್ಲಿ ಕಾರ್ಖಾನೆಯ ಹನ್ನೆರಡು ಆಳುಗಳು ಟೀ ಮಾಡಿಕೊಂಡು ಕುಡಿದರು. ಹದಿಮೂರನೆಯವನಿಗೆ ಸಕ್ಕರೆ ಸಾಲಲಿಲ್ಲ, ಅದೊಂದೇ ಕೊರತೆ. ನಂಬದವರು ಕಾರ್ಖಾನೆಗೆ ಹೋಗಿ ವಿಚಾರಿಸಬಹುದು. ಅದು ಮುಚ್ಚಿ ಇಪ್ಪತ್ತು ವರ್ಷವಾಯಿತು.

ತಾತನ ಬಾಯಲ್ಲಿ ಇದನ್ನು ಕೇಳಿ ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಮಗುವಿಗೆ ಲಸಿಕೆ ಹಾಕಿಸಿಕೊಂಡು ಬಂದ ದಿನ, ನಕ್ಕವರೇ ಆ ರಜಾಯಿಯನ್ನು ಎರವಲು ಕೇಳಿಕೊಂಡು ತಾತನ ಅಂಗಡಿ ಮೆಟ್ಟಿಲು ಹತ್ತುತ್ತಿದ್ದರು. ಆ ಬೀದಿಯ ಪದ್ಧತಿಯೇ ಹಾಗಿತ್ತು. ಸೂಜಿ ಚುಚ್ಚಿಸಿದ ಮಗುವಿನ ಮೈ ಬಿಸಿಯಾದರೆ ಅದು ‘ಸೂಜಿಯ ಉರಿ’. ಉರಿ ಇಳಿಯುವ ತನಕ ಕಿಟಕಿ ಮುಚ್ಚಬೇಕು, ರಜಾಯಿ ಹೊದಿಸಿ ಬೆವರಿಸಬೇಕು. ವಾಂತಿಯಾದರೆ ಹಾಲು ನಿಲ್ಲಿಸಿ ಹೊಟ್ಟೆ ಕಟ್ಟಬೇಕು. ಮುಂದಿನ ಸೂಜಿಯ ಮಾತನ್ನಂತೂ ಯಾರೂ ಎತ್ತಬಾರದು.

ಆನೆಗೆ ಹೊದಿಸಿದರೆ ಆನೆಯೇ ಕುಸಿದು ಕೂರುವಷ್ಟು ಭಾರದ ರಜಾಯಿ ಅದು. ಅದರ ಅಂಚಿಗೆ ತಾತ ತನ್ನ ಮಕ್ಕಳ ಮೊದಲ ಅಂಗಿಗಳ ತುಂಡುಗಳನ್ನು ಹೊಲಿದಿದ್ದ. “ಐದು ಮಕ್ಕಳು ಇದರಡಿ ಬೆವರಿ ಎದ್ದವು. ಒಂದಾದರೂ ಸೀನಿತಾ ಕೇಳಿ!” ಎಂದು ಮೀಸೆ ತಿರುವುತ್ತಿದ್ದ. ಆಗೆಲ್ಲ ಒಳಗಿದ್ದ ಅಜ್ಜಿಗೆ ಒಲೆಯ ಹತ್ತಿರ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಆ ಮನೆಯ ಸೊಸೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಒಂದೇ ಪ್ರಶ್ನೆಗೆ ದಿನಕ್ಕೆ ಲಕ್ಷ ಸಲ ಉತ್ತರ ಕೊಟ್ಟು, ಬಂಡೆಗೂ ಇಲ್ಲದ ತಾಳ್ಮೆ ಕಲಿತವಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮೂರೂವರೆ ತಿಂಗಳ ಮಗಳಿಗೆ ಅವಳೇ ಲಸಿಕೆ ಹಾಕಿಸಿಕೊಂಡು ಬಂದಳು. ಬಂದವಳು ನರ್ಸಮ್ಮ ಹೇಳಿದ್ದನ್ನು ಬಸ್ಸಿನ ವೇಳಾಪಟ್ಟಿಯಂತೆ ಒಪ್ಪಿಸಿದಳು.

“ಒಂದೆರಡು ದಿನ ಜ್ವರ ಬರಬಹುದಂತೆ, ಒಂದೆರಡು ಸಲ ಕಕ್ಕಲೂಬಹುದು. ಹೆದರೋದು ಬೇಡ. ತೆಳು ಬಟ್ಟೆ ಹಾಕಿ ಪದೇ ಪದೇ ಹಾಲು ಕೊಡ್ತಾ ಇರಿ ಅಂದ್ರು. ಆದರೆ ಕುಡಿದದ್ದನ್ನೆಲ್ಲ ಕಕ್ಕಿದ್ರೆ, ಹಾಲೇ ಕುಡೀದಿದ್ರೆ, ಉಚ್ಚೆ ಹೊಯ್ಯದಿದ್ರೆ, ಮಂಕಾದ್ರೆ ತಕ್ಷಣ ಎತ್ಕೊಂಡು ಬನ್ನಿ ಅಂದಿದಾರೆ, ಮಾವ.”

“ನರ್ಸಮ್ಮನಿಗೆ ಎಷ್ಟು ಮಕ್ಕಳಂತೆ?” ಎಂದ ತಾತ.

“ಮದುವೆ ಆಗಿಲ್ಲ.”

“ನೋಡಿದ್ಯಾ! ಈಜು ಬರದೋಳು ಹೊಳೆ ಆಳ ಹೇಳಿದಳಂತೆ.”

ಮರುದಿನ ಬೆಳಿಗ್ಗೆ ಮಗುವಿನ ಮೈ ಬಿಸಿಯಾಗಿತ್ತು. ಎರಡು ಸಲ ಕಕ್ಕಿತು, ಆದರೂ ಮತ್ತೆ ಎದೆಗೆ ಬಾಯಿ ಹಾಕಿ ಕುಡಿಯಿತು. ಸೊಸೆಗೆ ರಜೆ ಸಿಗಲಿಲ್ಲ. ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆಂದು ಹೇಳಿ, ಎದೆಹಾಲು ಹಿಂಡಿ ಬಟ್ಟಲಲ್ಲಿ ಮುಚ್ಚಿಟ್ಟಳು. “ಅತ್ತೆ, ಸ್ವಲ್ಪ ಸ್ವಲ್ಪವೇ ಚಮಚದಲ್ಲಿ ಕುಡಿಸ್ತಾ ಇರಿ. ರಜಾಯಿ ಮಾತ್ರ ಬೇಡ” ಎಂದು ಕೈ ಹಿಡಿದು ಹೇಳಿ ಹೋದಳು.

ಅವಳು ಬೀದಿಯ ತಿರುವು ದಾಟಿರಲಿಕ್ಕಿಲ್ಲ, ತಾತ ಕಿಟಕಿ ಮುಚ್ಚಿದ.

ಒಂದು ಗಂಟೆಗೆ ಅವಳು ಬಂದಾಗ ಮನೆಯೊಳಗೆ ಇಟ್ಟಿಗೆ ಗೂಡಿನ ಸೆಕೆ. ತಾತ ಬಾಗಿಲಲ್ಲೇ ಎದೆಯುಬ್ಬಿಸಿ ನಿಂತಿದ್ದ.

“ಬಾ ತಾಯಿ, ನೋಡು! ನೀ ಹೋದಮೇಲೆ ವಾಂತಿ ಬಂದ್. ಒಂದು ತೊಟ್ಟೂ ಇಲ್ಲ. ಅಳು ಬಂದ್. ಆರು ಬಟ್ಟೆ ಮಡಿಸಿಟ್ಟಿದ್ಯಲ್ಲ, ಒಂದಾದರೂ ಒದ್ದೆ ಮಾಡಿದ್ರೆ ಕೇಳು. ರಾಜಕುಮಾರಿ ಹಾಗೆ ನಿದ್ದೆ!”

ಸೊಸೆ ಬಟ್ಟಲಿನ ಮುಚ್ಚಳ ತೆಗೆದಳು. ಹಾಲು ಇಟ್ಟಷ್ಟೇ ಇತ್ತು. ಮಡಿಸಿದ ಆರು ಬಟ್ಟೆಗಳನ್ನು ಮುಟ್ಟಿ ನೋಡಿದಳು. ಬೆಳಗಿನಿಂದ ಮಗು ಉಚ್ಚೆ ಹೊಯ್ದಿರಲಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದರಲ್ಲವೇ ವಾಂತಿಯಾಗುವುದು? ಕಣ್ಣಲ್ಲಿ ನೀರಿದ್ದರಲ್ಲವೇ ಅಳು ಬರುವುದು? ಒಣಗುತ್ತಿರುವ ಮಗುವನ್ನು ಆ ಮನೆ ಗುಣವಾಯಿತೆಂದು ಮೆಚ್ಚಿಕೊಂಡು ಕೂತಿತ್ತು.

ರಜಾಯಿ ಕಿತ್ತೆಸೆದು ಮಗುವನ್ನು ಎದೆಗೆ ಹಚ್ಚಿದಳು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಮಗು ಒಮ್ಮೆ ಚೀಪಿ ಬಿಟ್ಟಿತು, ಕಣ್ಣು ಪೂರ್ತಿ ತೆರೆಯಲಿಲ್ಲ.

“ಅತ್ತೆ, ಹಾಲು ಯಾಕೆ ಕೊಡಲಿಲ್ಲ?”

ಅಜ್ಜಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. “ಅವರು ಬಿಡಲಿಲ್ಲ ಕಣೆ. ಆಗಲೂ ಬಿಡಲಿಲ್ಲ.”

“ಆಗ ಅಂದ್ರೆ?”

“ಹಳೇ ಪುರಾಣ ಈಗ್ಯಾಕೆ?” ತಾತ ನಡುವೆ ಬಾಯಿ ಹಾಕಿದ. ಸೊಸೆ ಮಗುವನ್ನೆತ್ತಿಕೊಂಡು ಹೊರಟದ್ದು ಕಂಡು ರಜಾಯಿ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತ. “ಈ ಮೈಯಲ್ಲಿ ಹೊರಗಿನ ಗಾಳಿಗೆ ಒಯ್ತೀಯಾ? ಇದನ್ನಾದರೂ ಸುತ್ತಿಕೋ. ಐದು ಮಕ್ಕಳನ್ನ ಉಳಿಸಿದ್ದು ಇದು!”

ಬಾಗಿಲ ಬೆಳಕು ರಜಾಯಿಯ ಅಂಚಿನ ಮೇಲೆ ಬಿತ್ತು. ಕೆಂಪು, ನೀಲಿ, ಗೆರೆಯದು, ಚುಕ್ಕೆಯದು, ಬಿಳಿಯದು. ಮೂಲೆಯಲ್ಲಿ ಅಂಗೈಯಷ್ಟು ಹಳದಿ.

“ಇಲ್ಲಿ ಆರು ತುಂಡಿದೆ, ಮಾವ.”

“ಅದಾ? ಅದು... ಬಟ್ಟೆ ಸಾಲದೆ ಹಾಕಿದ್ದು.”

“ದಾರಿ ಬಿಡಿ.”

“ಗಂಡ ಬರಲಿ, ಅವನನ್ನ ಕೇಳಿ—”

“ಅವರು ಬರೋದು ಸೋಮವಾರ. ಇವಳು ಸೋಮವಾರದ ತನಕ ಕಾಯಲ್ಲ. ನಾನೂ ಕಾಯಲ್ಲ. ದಾರಿ ಬಿಡಿ, ಮಾವ.”

ಅವಳು ದನಿ ಏರಿಸಲಿಲ್ಲ. ಆದರೂ ಇಡೀ ಬೀದಿಯ ಹೆಂಚುಗಳು ಅದುರಿದವು. ತಾತನ ಕೈಯಿಂದ ರಜಾಯಿಯನ್ನು ಎಳೆದುಕೊಂಡವಳು ಅಜ್ಜಿ. ಮದುವೆಯಾದ ನಲವತ್ತೆಂಟು ವರ್ಷಗಳಲ್ಲಿ ಗಂಡನ ಕೈಯಿಂದ ಅವಳು ಕಿತ್ತುಕೊಂಡ ಮೊದಲ ವಸ್ತು ಅದು. “ನಡಿ, ನಾನೂ ಬರ್ತೀನಿ” ಎಂದು ಸೊಸೆಯ ಮುಂದೆ ಮುಂದೆ ನಡೆದಳು.

ಆಸ್ಪತ್ರೆಯಲ್ಲಿ ಸಣ್ಣ ಕೈಗೆ ಸಣ್ಣ ನಳಿಕೆ ಚುಚ್ಚಿದರು. “ಲಸಿಕೆಯ ಜ್ವರ ತಾನಾಗೇ ಇಳಿಯೋದು. ನೀವು ಮಗೂನ ಬೇಯಿಸಿ ಒಣಗಿಸಿದ್ದೀರಿ. ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು” ಎಂದರು ಡಾಕ್ಟರಮ್ಮ. ನಾಲ್ಕೂವರೆಗೆ ಮಗು ಅಜ್ಜಿಯ ಮಡಿಲು ತೋಯಿಸಿತು. ಅಜ್ಜಿ ಒದ್ದೆ ಸೀರೆಯನ್ನು ಅಲ್ಲಿದ್ದವರಿಗೆಲ್ಲ ತೋರಿಸಿ ತೋರಿಸಿ ಅತ್ತಳು.

ಮರುದಿನ ಸಂಜೆ ಅಜ್ಜಿ, ಸೊಸೆ, ಮಗು ಮೂವರೂ ಮನೆಗೆ ಬಂದರು. ಸೊಸೆ ಎಲ್ಲಕ್ಕಿಂತ ಮೊದಲು ಸೀಮೆಸುಣ್ಣ ತೆಗೆದುಕೊಂಡು, ಮುಂದಿನ ಲಸಿಕೆಯ ತಾರೀಖನ್ನು ಅಂಗಡಿಯ ಬಾಗಿಲ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆದಳು. ತಾತ ತಲೆಯೆತ್ತಲಿಲ್ಲ. ರಜಾಯಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ.

ಅಷ್ಟರಲ್ಲಿ ಎದುರು ಮನೆಯ ಬೀಗದ ರಿಪೇರಿಯವನು ಬಂದ. “ತಾತಾ, ಮೊಮ್ಮಗನಿಗೆ ಸೂಜಿ ಹಾಕಿಸಿದ್ವು. ಮೈ ಸುಡ್ತಿದೆ. ಕೊಡಿ ನಿಮ್ಮ ರಜಾಯಿ.”

“ಕೊಡ್ತೀನಯ್ಯಾ. ಏನಂದ್ಕೊಂಡಿದ್ದೀಯ ಇದನ್ನ? ಐದು ಮಕ್ಕಳು...” ಎಂದು ತಾತ ಅಭ್ಯಾಸಬಲದಿಂದ ಶುರುಮಾಡಿದ. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಅವನೆದುರು ನಿಂತಳು. ಹಳದಿ ತುಂಡಿನ ಮೇಲೆ ಬೆರಳಿಟ್ಟಳು, ಅಷ್ಟೆ.

ತಾತ ಕತ್ತರಿಗೆ ಕೈಹಾಕಿದ.

“ಐದಲ್ಲ ಕಣಯ್ಯಾ, ಆರು” ಎಂದ. “ಎರಡನೆಯದು ಹೆಣ್ಣು. ಸೂಜಿ ಹಾಕಿಸಿದ ಮೇಲೆ ಜ್ವರ ಬಂತು, ಕಕ್ಕಿತು. ಇದನ್ನೇ ಹೊದಿಸಿದೆ. ಹಾಲಿಗೆ ಬಾಯಿ ಬಾಯಿ ಬಿಡ್ತಿತ್ತು, ಕೊಡಬೇಡ ಅಂದೆ. ನಮ್ಮನೆಯವಳು ಕಾಲು ಹಿಡಿದಳು, ಆದ್ರೂ ಬೇಡ ಅಂದೆ. ಸೂಜಿ ಕೊಲ್ಲಲಿಲ್ಲ, ಕೊಂದದ್ದು ನಾನು. ಒಪ್ಪಿಕೊಂಡ್ರೆ ನಾನು ಬದುಕೋದು ಹೇಗೆ? ಅದಕ್ಕೇ ಹತ್ತಿ ಜೊತೆ ಸುಳ್ಳನ್ನೂ ತುಂಬಿ ತುಂಬಿ ಹೊಲಿದೆ.”

ಕತ್ತರಿ ರಜಾಯಿಯ ಉದ್ದಕ್ಕೂ ಓಡಿತು. ಹಳೆಯ ಹತ್ತಿ ಅಂಗಡಿಯ ತುಂಬ ಹಾರಿತು. ತಾತ ಅದರ ತೆಳ್ಳನೆಯ ಮೇಲುಬಟ್ಟೆಯನ್ನಷ್ಟೇ ಕತ್ತರಿಸಿ ಬೀಗದವನ ಕೈಗಿಟ್ಟ. “ಇಷ್ಟು ಸಾಕು. ಕಿಟಕಿ ತೆಗಿ. ತಾಯಿಗೆ ಹೇಳು, ಹಾಲು ಕೊಡ್ತಾನೇ ಇರಲಿ. ಕುಡೀದಿದ್ರೆ ನನ್ನ ಹತ್ರ ಬರಬೇಡ, ಆಸ್ಪತ್ರೆಗೆ ಓಡು.”

ಬೀಗದವನು ಆ ಬಟ್ಟೆಯನ್ನು ಮಡಚುತ್ತ ಕೇಳಿದ. “ಹಾಗಾದ್ರೆ ತಾತಾ... ಆ ಐಸ್ ಗಡ್ಡೆ?”

“ಗಡ್ಡೆನೂ ಸುಳ್ಳು, ಟೀನೂ ಸುಳ್ಳು” ಎಂದ ತಾತ, ಹಳದಿ ತುಂಡನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆದು ಅಜ್ಜಿಯ ಕೈಗೆ ಕೊಡುತ್ತ. “ಈ ಅಂಗಿ ಒಂದೇ ನಿಜ.”