ಪರಸವ್ವನ ಮನೆಯ ಕಿವಿಗಳು

ನಮ್ಮವ್ವ ಸಾವಂತ್ರವ್ವ ತಿಕೋಟಾದ ಮಗಳು. ಇದ್ದದ್ದನ್ನು ಇದ್ದ ಹಾಗೆ ಎದುರಿಗೇ ಹೇಳುವವಳು. ಅಂಥವಳನ್ನು ಅರವತ್ತೊಂದನೇ ಇಸವಿಯಲ್ಲಿ ಬಬಲೇಶ್ವರದ ಪರಸವ್ವನ ಮನೆಗೆ ಸೊಸೆಯಾಗಿ ಕೊಟ್ಟರು. ಪರಸವ್ವ ಅಂದರೆ ನನ್ನ ಆಯಿ, ಅಪ್ಪನ ತಾಯಿ. ಆಕೆಯ ಪ್ರಕಾರ ಮನೆಯ ಹಂಡೆ, ಕೊಡ, ಬೀಸುಕಲ್ಲು ಎಲ್ಲಕ್ಕೂ ಜೀವವಿತ್ತು, ಕಿವಿಯೂ ಇತ್ತು. ಬಳೆ ಒಡೆಯಿತು ಅನ್ನುವಂತಿಲ್ಲ, ಹಿಗ್ಗಿತು ಅನ್ನಬೇಕು. ದೀಪ ಆರಿಸು ಅನ್ನುವಂತಿಲ್ಲ, ಶಾಂತ ಮಾಡು ಅನ್ನಬೇಕು. ಕೆಟ್ಟ ಮಾತು ಕಿವಿಗೆ ಬಿದ್ದರೆ ಅವು ಮುನಿಯುತ್ತಿದ್ದವು.

ಬಂದ ಹೊಸದರಲ್ಲೇ ಅವ್ವನ ಕೈಯಿಂದ ಗಡಿಗೆ ಜಾರಿತು. "ಅತ್ತಿ, ಗಡಿಗಿ ಒಡದ್ ಚೂರಾತ್ರಿ!" ಎಂದು ಓಣಿಗೇ ಕೇಳುವಂತೆ ಕೂಗಿದಳು.

ಅಲ್ಲಿಂದ ಶುರುವಾಯಿತು ನೋಡಿ. ಬಚ್ಚಲದ ತಾಮ್ರದ ಹಂಡೆ ಕೆಳಗೆ ಉರಿಯಿಲ್ಲದೆಯೇ ಗುಂಯ್ ಅನ್ನತೊಡಗಿತು. ಕಂದೀಲಿನ ಗಾಜು ಯಾರೂ ಮುಟ್ಟದೆ ಸೀಳಿತು. ಬೀಸುಕಲ್ಲು ತಾನಾಗಿ ಅರ್ಧ ಸುತ್ತು ತಿರುಗಿದ್ದನ್ನು ನಮ್ಮಪ್ಪ ಧೂಳಪ್ಪನೇ ಕಂಡ. ಕಂಡವನು ತಾಯಿ-ಹೆಂಡತಿಯರ ನಡುವೆ ಬೀಳದೆ ತೆಪ್ಪಗೆ ಹೊಲಕ್ಕೆ ಹೋದ.

"ಈ ಬಾಯಿ ನಮ್ಮ ಮನಿಗಿ ಒಗ್ಗಂಗಿಲ್ಲ. ತವರಿಗಿ ನಡಿ. ಮತ್ತ ಬರಬ್ಯಾಡ," ಅಂದಳು ಆಯಿ.

ಅವ್ವ ಅಳಲಿಲ್ಲ. ನನಗೆ ಇವತ್ತಿಗೂ ಅದೇ ಹೆಮ್ಮೆ. ಸೀರೆಯ ಗಂಟು ಕಟ್ಟಿಕೊಂಡು ಹೊಸ್ತಿಲಾಚೆ ನಿಂತಳು. ಹಂಡೆ, ಬೀಸುಕಲ್ಲುಗಳ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಎಲ್ಲಾರೂ ಕೇಳ್ರಿ! ಈ ಮನಿ ಸೊಸಿ ನಾ, ಹೋಗ್ತೀ..."

ಆಯಿ ಓಡಿ ಬಂದು ಅವಳ ಬಾಯಿ ಮುಚ್ಚಿದಳು. ಹೊರಡುವವರು ಹೋಗುತ್ತೇನೆ ಅನ್ನುವುದೇ ಅಪಶಕುನ. ಮನೆಯ ಮುತ್ತೈದೆಯೇ ಹಾಗೆ ಅಂದರಂತೂ ಲಕ್ಷ್ಮಿಯೇ ಎದ್ದು ಹೋದಂತೆ. ಅದೂ ಇಷ್ಟೆಲ್ಲ ಕಿವಿಗಳ ಎದುರಿಗೆ!

"ಯವ್ವಾ, ನಿನಗ ಕೈ ಮುಗೀತೀನಿ, ಹಂಗನಬ್ಯಾಡ ಬೇ! ಬರ್ತೀನಿ ಅನ್ನು!"

ಅವ್ವ ಆ ಕೈ ಸರಿಸಿದಳು. "ಸುಳ್ಳ ಆಗ್ತದ್ರಿ ಅತ್ತಿ. ಬರಬ್ಯಾಡ ಅಂತ ನೀವ ಅಂದೀರಿ."

ಒಳಗೆ ಹಂಡೆ ಮತ್ತೆ ಗುಂಯ್ ಅಂದಿತು. ಆಯಿ ಅವ್ವನ ತೋಳು ಹಿಡಿದಳು.

"ಈಗ ನಾನ ಹೇಳಾಕತ್ತೇನಿ! ಬರ್ತೀನಿ ಅನ್ನು!"

"ಬರ್ತೀನ್ರಿ," ಅಂದಳು ಅವ್ವ. ಗಂಟನ್ನು ಸೊಂಟಕ್ಕೇರಿಸಿ, ಬಲಗಾಲಿಟ್ಟು ಒಳಗೆ ಬಂದೇಬಿಟ್ಟಳು. ಹಂಡೆಯೂ ಸುಮ್ಮನಾಯಿತು, ಆಯಿಯೂ ಸುಮ್ಮನಾದಳು.